ಅತ್ತೆ, ಮಾವ ಮತ್ತು ಕಪ್ಪಾಗುವ ಪರದೆ

ನಮ್ಮತ್ತೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದವರು. ಮದುವೆಗೆ ಮುಂಚೆ ಸೇರಿದ ಕೆಲಸ. ಅಂಗಡಿಯ ಯಜಮಾನರಿಗೆ ವಯಸ್ಸಾಗಿ ಬಾಗಿಲು ಹಾಕುವ ತನಕ ಬಿಡಲಿಲ್ಲ. ಒಳಗಿನ ಕತ್ತಲೆ ಕೋಣೆಯಲ್ಲಿ, ಗೋಡೆಯ ಮೇಲೆ ಬೆಳಗುವ ಅಕ್ಷರಗಳ ಎದುರು ಗಿರಾಕಿಯನ್ನು ಕೂರಿಸಿ, ಮೂಗಿನ ಮೇಲಿನ ಚೌಕಟ್ಟಿಗೆ ಒಂದೊಂದೇ ಗಾಜು ಹಾಕುತ್ತ, ತೆಗೆಯುತ್ತ ಕೇಳುವುದು: "ಈಗ ಹೇಗಿದೆ? ಈಗ? ಮುಂಚಿಂದು ಚೆನ್ನಾಗಿತ್ತಾ, ಇದಾ?"

ಈ ಪ್ರಶ್ನೆ ಅಂಗಡಿಯಲ್ಲೇ ಉಳಿಯಲಿಲ್ಲ. ಅಡುಗೆಗೆ ಚಿಟಿಕೆ ಉಪ್ಪು ಹಾಕಿ ನನ್ನ ಅಂಗೈಗೆ ಒಂದು ಹನಿ ಬಿಡುತ್ತಿದ್ದರು. "ಈಗ?" ಕಿಟಕಿ ಅರ್ಧ ತೆಗೆದು, "ಈಗ?" ನಾನು ಮದುವೆಯಾಗಿ ಬಂದ ಮೊದಲ ವಾರ ನನ್ನ ಕತ್ತು ಹಿಡಿದುಕೊಂಡಾಗ, ಮನೆಯಲ್ಲಿದ್ದ ದಿಂಬುಗಳನ್ನೆಲ್ಲ ತಂದು ಒಂದೊಂದನ್ನೇ ತಲೆಯ ಕೆಳಗೆ ಇಟ್ಟು ಪರೀಕ್ಷೆ ಮಾಡಿದರು. ಎರಡು ಬದಲಾವಣೆ ಒಟ್ಟಿಗೆ ಮಾಡುವವರಲ್ಲ. "ಎರಡೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?" ಎನ್ನುವುದು ಅವರ ವಾದ. ನನ್ನ ಗಂಡ ಕೇಳುತ್ತಿದ್ದ: "ಸರಿಹೋದ್ರೆ ಸಾಲದಾ ಅಮ್ಮಾ?" ಸಾಲದು. ಅವರಿಗೆ ಕಾರಣ ಬೇಕು.

ಅತ್ತೆಗೆ ಮಾವ ಸಿಕ್ಕಿದ್ದೂ ಆ ಕತ್ತಲೆ ಕೋಣೆಯಲ್ಲೇ. ಮಾವ ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಕೆಲಸಕ್ಕಿದ್ದರು. ಬೀರು, ಮಂಚ, ಫ್ರಿಜ್ಜುಗಳನ್ನು ಮೆಟ್ಟಿಲು ಹತ್ತಿಸುವ ದೈತ್ಯ. ಬಾಯಿ ಮಾತ್ರ ಅರೆಕ್ಷಣ ಸುಮ್ಮನಿರದು. ಡ್ರೈವರ್ ಆಗಬೇಕು, ಲೈಸೆನ್ಸಿಗೆ ಕಣ್ಣಿನ ಚೀಟಿ ಬೇಕು ಎಂದು ಬಂದವರು, ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಗಡಗಡ ಓದಿಬಿಟ್ಟರು. ಅತ್ತೆ ಆ ಪಟ್ಟಿಯನ್ನು ನೋಡುತ್ತಲೇ ಇರಲಿಲ್ಲ. ಗಿರಾಕಿಯ ಮುಖ ನೋಡುವುದು ಅವರ ಪದ್ಧತಿ. ಈ ಮುಖ ಓದುತ್ತಿರಲಿಲ್ಲ, ಪಾಠ ಒಪ್ಪಿಸುತ್ತಿತ್ತು. ಎಡ ತುಟಿಯ ತುದಿಯಲ್ಲಿ ಒಂದು ಸಣ್ಣ ಕಳ್ಳನಗು ಬೇರೆ. ಅತ್ತೆ ಎದ್ದು ಪಟ್ಟಿ ತಿರುಗಿಸಿ, ಬೇರೆ ಅಕ್ಷರಗಳಿದ್ದ ಬದಿ ಹಾಕಿದರು. ಮಾವನಿಗೆ ಮೂರನೇ ಸಾಲೂ ಕಾಣಲಿಲ್ಲ. ಹೊರಗೆ ಸರದಿಯಲ್ಲಿ ಕೂತಾಗ ಒಳಗಿನಿಂದ ಕೇಳಿಸಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರಂತೆ! ಕನ್ನಡಕ ಬಂತು, ಲೈಸೆನ್ಸೂ ಬಂತು. ಆಮೇಲೆ ಕನ್ನಡಕದ ಕಡ್ಡಿ ಸಡಿಲ, ಗಾಜು ಮಸುಕು ಎಂದು ವಾರವಾರ ಬಂದು ಕೊನೆಗೆ ಅತ್ತೆಯನ್ನೇ ಕರೆದುಕೊಂಡು ಹೋದರು.

ಕೆಲಸದ ಉದ್ದಕ್ಕೂ ಮಾವ ಕಂಡವರ ಮನೆಯ ದೊಡ್ಡ ದೊಡ್ಡ ಟೀವಿ, ಸ್ಪೀಕರ್‌ಗಳನ್ನು ಹೊತ್ತವರು. ನಿವೃತ್ತಿಯಾದ ಮೇಲೆ ತಮಗೂ ಒಂದು ಎಂದು ಹಠ ಹಿಡಿದು, ಹಿಂದಿನ ಕೋಣೆಯನ್ನು ಸಿನಿಮಾ ಮಂದಿರ ಮಾಡಿದರು. ಗೋಡೆ ತುಂಬ ಬಿಳಿ ಪರದೆ, ಚಾವಣಿಗೆ ನೇತುಹಾಕಿದ ಪ್ರೊಜೆಕ್ಟರ್, ಮೂಲೆಯ ಕಪಾಟಿನಲ್ಲಿ ರಿಸೀವರ್ ಎಂಬ ಕರಿಯ ಪೆಟ್ಟಿಗೆ. ಡಿಸ್ಕ್ ಪ್ಲೇಯರಿನಿಂದ ಬಂದದ್ದೆಲ್ಲ ಮೊದಲು ಈ ರಿಸೀವರಿಗೆ. ಅಲ್ಲಿಂದ ಧ್ವನಿ ಸ್ಪೀಕರುಗಳಿಗೆ, ಚಿತ್ರ ಮಾತ್ರ ಉದ್ದನೆಯ ಕೇಬಲ್ಲಿನಲ್ಲಿ ಕಾರ್ಪೆಟ್ಟಿನ ಅಡಿಯಿಂದ ಹಾದು, ಹಿಂದಿನ ಗೋಡೆ ಹತ್ತಿ ಪ್ರೊಜೆಕ್ಟರಿಗೆ. ಎಲ್ಲ ಅವರದೇ ಕೈಕೆಲಸ. ಅತ್ತೆಗೆ ಆ ತಂತಿಗಳ ಗೋಜೇ ಬೇಡವಾಗಿತ್ತು. "ಅದು ನಿಮ್ಮ ಸಾಮ್ರಾಜ್ಯ, ನನಗೆ ಸಿನಿಮಾ ತೋರಿಸಿದ್ರೆ ಸಾಕು" ಎಂದುಬಿಟ್ಟಿದ್ದರು.

ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಮಾವ ಕುಸಿದರು. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಅರ್ಧ ಮಾತ್ರ ಕೇಳುತ್ತಿದ್ದವು. ಮಾತಂತೂ ನಿಂತೇಹೋಗಿತ್ತು. ಹೇಳಿದ್ದು ಅರ್ಥವಾಗುತ್ತದೆಯೇ, ಇಲ್ಲವೇ? ಡಾಕ್ಟರು ಆಗುತ್ತದೆ ಎಂದರು, ನಮಗೆ ಖಾತ್ರಿಯಿರಲಿಲ್ಲ. ಎಲ್ಲರನ್ನೂ ಒಂದೇ ಥರ ನೋಡುತ್ತಿದ್ದರು. ದಿನವಿಡೀ ಗಲಗಲ ಎನ್ನುತ್ತಿದ್ದ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸತೊಡಗಿತು.

ಅವರಿಗೆ ಏನು ಬೇಕೆಂದು ತಿಳಿಯದೆ ಅತ್ತೆ ಅವರನ್ನು ಅವರ ಸಿನಿಮಾ ಕೋಣೆಗೇ ಕರೆದೊಯ್ದು ಕೂರಿಸಿದರು. ಸೋಫಾ ತಗ್ಗು, ಅದರಿಂದ ಏಳಲಾಗದು. ಕನ್ನಡಕದ ಅಂಗಡಿ ಮುಚ್ಚಿದಾಗ ಅತ್ತೆ ತಂದಿಟ್ಟುಕೊಂಡಿದ್ದ ಕುರ್ಚಿ ಇತ್ತಲ್ಲ, ಪಕ್ಕದ ಹಿಡಿ ಒತ್ತಿದರೆ ಬುಸ್ ಎಂದು ಮೇಲೇರುವ ಗ್ಯಾಸಿನ ಕುರ್ಚಿ, ಅದನ್ನು ಸೋಫಾದ ಹಿಂದೆ, ಕಾರ್ಪೆಟ್ಟಿನ ಮೇಲೆ ಹಾಕಿ, ಮೇಲೊಂದು ನೈಲಾನ್ ಹೊದಿಕೆ ಹೊದಿಸಿದರು. ರಿಮೋಟ್ ಒತ್ತಿದರು. ಪರದೆಯ ಮೇಲೆ ನೀಲಿ ಬಣ್ಣ, ನಡುವೆ ಎರಡೇ ಪದ: ಸಿಗ್ನಲ್ ಇಲ್ಲ.

ಗೊತ್ತಿದ್ದವರು ಪಕ್ಕದಲ್ಲೇ ಕೂತಿದ್ದಾರೆ, ಹೇಳಲಾರರು! ಅತ್ತೆ ಸೆರಗು ಸಿಕ್ಕಿಸಿಕೊಂಡು ಕಪಾಟಿನ ಹಿಂದೆ ನುಗ್ಗಿದರು.

ಅಂದಿನ ತೊಂದರೆ ದೊಡ್ಡದೇನೂ ಆಗಿರಲಿಲ್ಲ. ರಿಸೀವರ್ ತಂತಿ ಸಿಕ್ಕಿಸುವ ಬೇರೆ ಯಾವುದೋ ತೂತಿನ ಕಡೆ ಕಿವಿಗೊಟ್ಟು ಕೂತಿತ್ತು. ಪ್ಲೇಯರ್ ಇದ್ದ ತೂತಿಗೆ ತಿರುಗಿಸಿದ ಕೂಡಲೇ ಚಿತ್ರ ಬಂತು. ಆದರೆ ಅಷ್ಟನ್ನು ಕಂಡುಹಿಡಿಯಲು ಅತ್ತೆ ಪ್ರತಿ ತಂತಿಯನ್ನೂ ಬೆರಳಲ್ಲಿ ಹಿಡಿದು ತುದಿಯಿಂದ ತುದಿಗೆ ಹೋಗಿಬಂದರು, ಮೊಣಕಾಲೂರಿ, ಸೀರೆಯಲ್ಲಿ ಧೂಳು ಗುಡಿಸಿಕೊಂಡು. ನಡುನಡುವೆ ಮಾವನ ಕಡೆ ತಿರುಗಿ, "ಈಗ? ಈಗ ಬಂತಾ?" ಉತ್ತರ ಬರದು ಎಂದು ಗೊತ್ತಿದ್ದೂ ಕೇಳುತ್ತಿದ್ದರು.

ಅಂದಿನಿಂದ ಆ ಕೋಣೆಯ ಚುಕ್ಕಾಣಿ ಅತ್ತೆಯದು. ಸಂಜೆಯ ಹೊತ್ತು ಮಾವನಿಗೆ ಪ್ರಿಯವಾದ ಹಳೆಯ ನಗೆ ಚಿತ್ರಗಳನ್ನು ಹಾಕುವುದು, ಮುಗಿದ ಮೇಲೆ ಎಲ್ಲ ಆರಿಸಿ, ನಾನೋ ನನ್ನ ಗಂಡನೋ ಮಾವನನ್ನು ಎಬ್ಬಿಸಿ ಮಲಗಿಸುವುದು. ಅವರು ನಗುತ್ತಿರಲಿಲ್ಲ, ಆದರೆ ನೋಡುತ್ತಿದ್ದರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೊಗೆ ಅಷ್ಟು ಸಾಲದು. "ತಾವಾಗಿ ಎದ್ದು ನಿಲ್ಲೋ ಅಭ್ಯಾಸ ಆಗಬೇಕು. ದಿನಾ ಮಾಡಿಸಿ." ಮಾವ ಏಳಲೊಲ್ಲರು. ನಾವೆಲ್ಲ ಸುತ್ತ ನಿಂತು ಹುರಿದುಂಬಿಸಿದರೆ ಕಿಟಕಿ ಕಡೆ ಮುಖ ತಿರುಗಿಸುತ್ತಿದ್ದರು.

ಭಾನುವಾರ ಮಾತ್ರ ಅತ್ತೆಯ ಅಣ್ಣ ಬರುತ್ತಿದ್ದರು. ನನ್ನ ಗಂಡನಿಗೆ ಸೋದರಮಾವ. ನಾನೂ ಹಾಗೇ ಕರೆಯುತ್ತಿದ್ದೆ. ಒಂಟಿ ಮನುಷ್ಯ, ಒಳ್ಳೆಯವರು. ಬಂದವರೇ ಮಾವನ ಉಗುರು ಕತ್ತರಿಸಿ, ಗಡ್ಡ ಹೆರೆದು, ಕ್ರಾಪು ಬಾಚಿ, ಮದುಮಗನ ಹಾಗೆ ತಯಾರು ಮಾಡುತ್ತಿದ್ದರು. ಆಮೇಲೆ ರಿಮೋಟು ಅವರ ಕೈಗೆ. ಅವರ ಪ್ರಾಣ ಎಂದರೆ ಕಾರ್ ರೇಸು. ಅದೂ ಹಳೆಯ ರೇಸುಗಳು, ಯಾರು ಗೆದ್ದರೆಂದು ಮೊದಲೇ ಗೊತ್ತಿರುವಂಥವು. "ನೋಡು ಭಾವ, ಈ ತಿರುವಲ್ಲಿ ಕೆಂಪು ಕಾರು ಹಿಂದೆ ಬೀಳುತ್ತೆ, ನೋಡ್ತಾ ಇರು" ಎಂದು ಗಂಟೆಗಟ್ಟಲೆ ವಿವರಣೆ. ಮಾವನ ಮೌನ ಅವರಿಂದ ತಡೆಯಲಾಗುತ್ತಿರಲಿಲ್ಲ ಎಂದು ಕಾಣುತ್ತದೆ. ಇಂಜಿನ್ನಿನ ಸದ್ದು ತುಂಬಿಸುತ್ತಿದ್ದರು.

ಚಳಿಗಾಲದ ಒಂದು ಭಾನುವಾರ ರೇಸಿನ ನಡುವೆ ಪರದೆ ಫಕ್ಕನೆ ಕಪ್ಪಾಯಿತು. ಸದ್ದು ಹಾಗೇ ಇತ್ತು; ಕಾರುಗಳು ಕತ್ತಲಲ್ಲೇ ಭರ್ರೋ ಎನ್ನುತ್ತಿದ್ದವು. ಕಣ್ಣು ಮಿಟುಕಿಸುವುದರೊಳಗೆ ನೀಲಿ ಬಂತು, ಸಿಗ್ನಲ್ ಇಲ್ಲ ಎಂದಿತು, ಮತ್ತೆ ಚಿತ್ರ ಬಂತು. ಏನಾಯಿತೆಂದು ನಾವು ಹಿಂದೆ ತಿರುಗಿದರೆ ಮಾವ ಕುರ್ಚಿಯಿಂದ ಎದ್ದು ನಿಂತಿದ್ದರು! ತಾವಾಗಿ, ಯಾರ ಕೈಯೂ ಹಿಡಿಯದೆ.

"ಪಾಪ, ಏನಾಯ್ತು ಅಂತ ಗಾಬರಿಯಾಗಿ ಎದ್ದಿದ್ದಾರೆ" ಎಂದರು ಅತ್ತೆ. ಅವರ ಕಣ್ಣು ಒದ್ದೆಯಾಯಿತು. ಪರದೆಯ ವಿಚಾರ ಯಾರಿಗೂ ನೆನಪಾಗಲಿಲ್ಲ.

ಆದರೆ ಅದು ಮತ್ತೆ ಮತ್ತೆ ಆಯಿತು. ಕೆಂಪು ಕಾರು ಹಿಂದೆ ಬೀಳುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪು. ತಿರುಗಿ ನೋಡಿದರೆ ಮಾವ ನಿಂತಿರುತ್ತಿದ್ದರು. ಫಿಸಿಯೊಗೆ ಪರಮಾನಂದ. "ಏನೋ ಆಸಕ್ತಿ ಹುಟ್ಟಿದೆ ಅವರಿಗೆ. ಏನು ಮಾಡ್ತಿದ್ದೀರೋ ಅದನ್ನೇ ಮಾಡಿ." ಅತ್ತೆಗೂ ಆನಂದವೇ. ಆದರೆ ಕೆಟ್ಟುಹೋಗುವ ಚಿತ್ರವನ್ನು ಹಾಗೇ ಬಿಡುವ ಜಾಯಮಾನ ಅವರದಲ್ಲ.

"ಸದ್ದು ನಿಲ್ತಿಲ್ಲ, ಅಲ್ವಾ?" ಎಂದು ನನ್ನನ್ನು ಕೇಳಿದರು. "ಅಂದ್ರೆ ಪ್ಲೇಯರಿಂದ ರಿಸೀವರ್ ತನಕ ಎಲ್ಲ ಸರಿ ಇದೆ. ಅಲ್ಲಿಂದ ಆಚೆ ಏನೋ ಆಗ್ತಿದೆ."

ಸೋಮವಾರ ಕೇಬಲ್ಲಿನ ಎರಡೂ ತುದಿ ಬಿಚ್ಚಿ, ಕನ್ನಡಕ ಒರೆಸುವ ಬಟ್ಟೆಯಲ್ಲಿ ಒರೆಸಿ, ಗಟ್ಟಿಯಾಗಿ ಚುಚ್ಚಿದರು. ವಾರಪೂರ್ತಿ ಚಿತ್ರ ಅಲುಗಲಿಲ್ಲ. ಗೆದ್ದೆ ಎಂದುಕೊಂಡರು. ಭಾನುವಾರ ಕಪ್ಪಾಯಿತು. ಮುಂದಿನ ವಾರ ರಿಸೀವರನ್ನು ಬದಿಗಿಟ್ಟು ಪ್ಲೇಯರನ್ನೇ ನೇರವಾಗಿ ಕೇಬಲ್ಲಿಗೆ ಸಿಕ್ಕಿಸಿದರು. ವಾರವೆಲ್ಲ ಸುಖ, ಭಾನುವಾರ ಕಪ್ಪು. ರಿಸೀವರ್ ನಿರಪರಾಧಿ ಎಂದು ಅದನ್ನು ಮತ್ತೆ ಜಾಗಕ್ಕೆ ಸೇರಿಸಿ, ಚಿತ್ರದ ಸೂಕ್ಷ್ಮತೆಯನ್ನು ಒಂದು ಮೆಟ್ಟಿಲು ಇಳಿಸಿದರು, ಕೇಬಲ್ಲಿಗೆ ಹೊರೆ ಕಡಿಮೆಯಾಗಲೆಂದು. ಕಾರುಗಳ ಅಂಚು ಮಂಜಾಯಿತೇ ಹೊರತು ಭಾನುವಾರದ ರೋಗ ಹೋಗಲಿಲ್ಲ.

"ವೋಲ್ಟೇಜು ಕಣಮ್ಮಾ" ಎಂದರು ಸೋದರಮಾವ. "ಭಾನುವಾರ ಎಲ್ಲರೂ ಮನೇಲಿರ್ತಾರೆ, ಎಲ್ಲರ ಹೀಟರೂ ಉರೀತಿರುತ್ತೆ. ಇದಕ್ಕೆ ಸಾಕಾಗ್ತಿಲ್ಲ."

"ಹಂಗಿದ್ರೆ ದೀಪ ಯಾಕೆ ಮಿಣುಕಲ್ಲ ಅಣ್ಣ?"

"ದೀಪಕ್ಕೆಷ್ಟು ಬೇಕು? ಚೂರು."

ಟೆಕ್ನಿಷಿಯನ್ನನ್ನೂ ಕರೆಸಿದ್ದಾಯಿತು. ಸೊಂಟದ ಪಟ್ಟಿಗೆ ನಾನಾ ಇಕ್ಕಳ ಸಿಕ್ಕಿಸಿಕೊಂಡ ನಗುಮುಖದ ಹೆಂಗಸು. ಅವಳು ಬಂದದ್ದು ಬುಧವಾರ. ಮಾವ ಸಭ್ಯವಾಗಿ ಕುರ್ಚಿಯಲ್ಲಿ ಕೂತು ಅವಳು ಪರೀಕ್ಷೆಗೆಂದು ಹಾಕಿದ ನಗೆ ಚಿತ್ರ ನೋಡಿದರು. ಪರದೆ ಒಮ್ಮೆಯೂ ಕೈಕೊಡಲಿಲ್ಲ. "ನನ್ನ ಮುಂದೆ ಕೆಡಲ್ಲ ಅಂದ್ರೆ ನಾನೇನು ಮಾಡ್ಲಿ ಅಮ್ಮಾ? ಕೇಬಲ್ ಹಳೇದು, ಉದ್ದ ಬೇರೆ. ಮತ್ತೆ ಕೆಟ್ಟರೆ, ಆ ಹೊತ್ತಿಗೆ ಕೋಣೇಲಿ ಏನೇನು ಆಗ್ತಿತ್ತು ಅಂತ ನೋಡಿಟ್ಟು ಫೋನ್ ಮಾಡಿ" ಎಂದು ಚಹಾ ಕುಡಿದು ಹೋದಳು.

ಆ ಮಾತು ಅತ್ತೆಯ ತಲೆಯಲ್ಲಿ ಕೂತಿತು. ಮುಂದಿನ ಭಾನುವಾರ ಅವರು ಪರದೆಗೆ ಬೆನ್ನು ಹಾಕಿ, ನಮ್ಮೆಲ್ಲರ ಮುಖ ಕಾಣುವಂತೆ ಸ್ಟೂಲು ಹಾಕಿಕೊಂಡು ಕೂತರು.

"ಏನೇ ಇದು, ಸಿನಿಮಾ ನಿನ್ನ ಬೆನ್ನ ಹಿಂದೆ ಬರ್ತಿದೆ" ಎಂದರು ಸೋದರಮಾವ.

"ನೀನು ನೋಡಣ್ಣ. ನನಗೆ ಕತ್ತು ನೋವು."

ರೇಸು ಶುರುವಾಯಿತು. ನಮ್ಮೆಲ್ಲರ ಮುಖದ ಮೇಲೆ ಬಣ್ಣಬಣ್ಣದ ಬೆಳಕು ಆಡುತ್ತಿತ್ತು. ಆಮೇಲೆ ಅತ್ತೆ ಹೇಳಿದ್ದು ಇದು: ಸೋದರಮಾವ "ಇಗೋ, ಈ ತಿರುವಲ್ಲಿ" ಎಂದು ಬಾಯಿ ತೆರೆದದ್ದೇ ತಡ, ಸೋಫಾದ ಹಿಂದೆ ಮಾವ ಎಡಗೈಯನ್ನು ಮೆಲ್ಲಗೆ ಕುರ್ಚಿಯ ಕೈ ಮೇಲೆ ಊರಿದರು. ಕಣ್ಣು ಪರದೆಯ ಮೇಲೇ. ದಮ್ಮು ಕಟ್ಟಿ, ಸೊಂಟ ಎತ್ತಿ, ನಡುಗುತ್ತ ನಿಂತರು. ಅವರು ನಿಂತ ಮೇಲೆ ನಮ್ಮ ಮುಖಗಳ ಮೇಲಿನ ಬೆಳಕು ಆರಿತು. ಮೊದಲು ನಿಂತದ್ದು, ಕಪ್ಪಾದದ್ದು ಆಮೇಲೆ. ನಾವು ಇಷ್ಟು ದಿನ ತಿರುವುಮುರುವಾಗಿ ನೋಡಿದ್ದೆವು. ನೀಲಿ ಬೆಳಕು ಬಂದಾಗ ಮಾವನ ಮುಖ ಕಂಡಿತು. ಎಡ ತುಟಿಯ ತುದಿ ಅಷ್ಟೇ ಅಷ್ಟು ಮೇಲೆ ಹೋಗಿತ್ತು. ಪಾಠ ಒಪ್ಪಿಸಿದ ಮುಖ!

ಅತ್ತೆ ಎದ್ದು ಸರಸರನೆ ಅಡುಗೆಮನೆಗೆ ಹೋದರು. ನಾನು ಹಿಂದೆಯೇ ಓಡಿದೆ. ಸಿಂಕಿನ ಅಂಚು ಹಿಡಿದು ನಿಂತಿದ್ದಾರೆ, ಹೆಗಲು ಕುಲುಕುತ್ತಿದೆ. ಅಳುತ್ತಿದ್ದಾರೆಂದು ತಬ್ಬಿಕೊಂಡರೆ, ನಗು. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಯುವ ಹಾಗೆ ನಗುತ್ತಿದ್ದಾರೆ.

"ಕಳ್ಳ! ಅಣ್ಣನ ರೇಸು ಬೇಡವಂತೆ ಅವನಿಗೆ. ಬೇಕಂತ ಎದ್ದು ಎದ್ದು ಆರಿಸ್ತಿದ್ದಾನೆ." ಆಮೇಲೆ ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. "ಒಳಗೆ ಹಾಗೇ ಇದ್ದಾನೆ ಕಣೇ. ಪೂರ್ತಿ ಹಾಗೇ ಇದ್ದಾನೆ."

ಗಂಡನನ್ನು ಅವರು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಮಾವ ಸ್ನಾನಕ್ಕೆ ಹೋದಾಗ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. "ಏಳು." ಎದ್ದೆ. ಕಪ್ಪು. "ಕೂತ್ಕೋ. ನಿಧಾನವಾಗಿ ಏಳು. ಈಗ ಹೊದಿಕೆ ತೆಗೆದು ಏಳು. ಈಗ?" ಹೊದಿಕೆ ಇಲ್ಲದೆಯೂ ಕೆಲವು ಸಲ ಹೋಗುತ್ತಿತ್ತು, ಇದ್ದರೆ ತಪ್ಪದೆ ಹೋಗುತ್ತಿತ್ತು. ಕುರ್ಚಿಯನ್ನು ಕೋಣೆಯ ಇನ್ನೊಂದು ತುದಿಗೆ ತಳ್ಳಿದರೆ ಏನೂ ಆಗುತ್ತಿರಲಿಲ್ಲ. ಟೆಕ್ನಿಷಿಯನ್ನಿಗೆ ಫೋನು ಹೋಯಿತು. ಅವಳು ಗಟ್ಟಿಯಾಗಿ ನಕ್ಕಳು.

"ಗ್ಯಾಸಿನ ಕುರ್ಚೀನಾ? ಅದನ್ನು ಮೊದಲೇ ಕೇಳಬೇಕಿತ್ತು ನಾನು. ಆಫೀಸುಗಳಲ್ಲಿ ನೋಡಿದ್ದೀನಿ. ಒಣಹವೆಯಲ್ಲಿ ಎದ್ದಾಗ ಕುರ್ಚಿಯಿಂದ ಸಣ್ಣ ಕಿಡಿ ಥರ ಹೊರಡುತ್ತೆ, ಕಣ್ಣಿಗೆ ಕಾಣಲ್ಲ. ಹತ್ತಿರದ ಕೇಬಲ್ಲಿಗೆ ಗಟ್ಟಿ ಕವಚ ಇಲ್ಲದಿದ್ರೆ ಸಿಗ್ನಲ್ ಬೆಚ್ಚಿಬೀಳುತ್ತೆ. ಒಳ್ಳೆ ಕೇಬಲ್ ಕಳಿಸ್ತೀನಿ, ಕುರ್ಚಿಯಿಂದ ದೂರ ಎಳೆದುಬಿಡಿ. ಮುಗೀತು."

ಕೇಬಲ್ ಬಂತು. ಅತ್ತೆ ಅದನ್ನು ಬಿಚ್ಚಲೂ ಇಲ್ಲ. ಕಪಾಟಿನ ಮೇಲೆ ಎತ್ತಿಟ್ಟರು.

"ಹಾಕಲ್ವಾ ಅತ್ತೆ?"

"ಅವಸರ ಏನಿದೆ? ಇರ್ಲಿ."

ಗಾಜು ಕೂದಲೆಳೆಯಷ್ಟು ಓರೆಯಾದರೂ ಗಿರಾಕಿಯನ್ನು ಹಿಂದಕ್ಕೆ ಕರೆಸುತ್ತಿದ್ದ ಹೆಂಗಸು ಇವರೇನಾ ಎನಿಸಿತು. ಭಾನುವಾರ ಪರದೆ ಹೋದಾಗಲೆಲ್ಲ ಅಣ್ಣನ ಕಡೆ ತಿರುಗಿ, "ನೀನು ಹೇಳಿದ್ದೇ ಸರಿ, ವೋಲ್ಟೇಜೇ ಇರಬೇಕು" ಎನ್ನುವರು. ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಕೆಂಪಗಾಗುತ್ತಿತ್ತು. ಸೋದರಮಾವ ಹೆಮ್ಮೆಯಿಂದ ತಲೆಯಾಡಿಸುವರು. ಹಿಂದೆ ಮಾವ ನಿಲ್ಲುವರು, ಕೂರುವರು, ಮತ್ತೆ ನಿಲ್ಲುವರು. ವಾರದಿಂದ ವಾರಕ್ಕೆ ನಡುಕ ಕಡಿಮೆಯಾಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಕುರ್ಚಿಯ ಕೈ ಹಿಡಿಯದೆಯೇ ಏಳುತ್ತಿದ್ದರು.

ಆಮೇಲೆ ಹವೆ ತಿರುಗಿತು. ಒಂದು ಭಾನುವಾರ ಬೆಳಗಿನಿಂದ ಮಳೆ. ಹೊದಿಕೆ, ಪರದೆ, ನಮ್ಮ ಕೂದಲು ಎಲ್ಲ ಹಸಿಹಸಿ. ಸೋದರಮಾವ ಕೊಡೆ ಮಡಿಸಿಟ್ಟು, ಎಂದಿನ ಹಾಗೆ ರೇಸು ಹಾಕಿದರು. ಮಾವ ಎದ್ದರು. ಪರದೆ ಹಾಗೇ ಇತ್ತು. ಕೂತು ಮತ್ತೆ ಎದ್ದರು. ಕಾರುಗಳು ಓಡುತ್ತಲೇ ಇದ್ದವು. ಅತ್ತೆ ನನ್ನ ಮೊಣಕೈ ಚಿವುಟಿದರು. ಮಾವ ಮೂರನೇ ಸಲ ಎದ್ದು, ಈ ಸಲ ಕೂರದೆ, ಪರದೆಯನ್ನು ದುರುಗುಟ್ಟಿ ನೋಡಿದರು.

ಆಮೇಲೆ ಸೋಫಾದ ಬೆನ್ನು ಹಿಡಿದು ಎಡಗಾಲು ಮುಂದಿಟ್ಟರು. ಬಲಗಾಲು ಎಳೆದುಕೊಂಡರು. ನನ್ನ ಗಂಡ ಹಾರಿ ಎದ್ದ. ಅತ್ತೆ ಅವನ ಅಂಗಿ ಹಿಡಿದು ಕೂರಿಸಿದರು. "ಬಿಡು. ಬಿಡು ಅವರನ್ನ." ಸೋಫಾ ಮುಗಿಯಿತು. ಅಲ್ಲಿಂದ ಕಪಾಟಿನ ತನಕ ಹಿಡಿಯಲು ಏನೂ ಇರಲಿಲ್ಲ. ಮಾವ ಒಂದು ಉಸಿರು ನಿಂತರು, ಬೀರು ಹೊತ್ತು ಮೆಟ್ಟಿಲ ಬುಡದಲ್ಲಿ ನಿಲ್ಲುವವರ ಹಾಗೆ. ಹೊರಟರು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದಾಗ ಕಾರುಗಳೆಲ್ಲ ಅವರ ಬೆನ್ನ ಮೇಲೆ ಹರಿದುಹೋದವು. ಕಪಾಟು ತಲುಪಿ, ಎಡಗೈ ಚಾಚಿ, ರಿಸೀವರಿನ ದೊಡ್ಡ ಗುಂಡಿ ಒತ್ತಿದರು. ಚಿತ್ರವೂ ಹೋಯಿತು, ಸದ್ದೂ ಹೋಯಿತು. ಮಳೆ ಮಾತ್ರ ಕೇಳುತ್ತಿತ್ತು.

ಮಾವ ಕಪಾಟಿಗೆ ಒರಗಿ ನಮ್ಮ ಕಡೆ ತಿರುಗಿದರು. ಬಾಯಿ ಆಡಿತು, ನಿಂತಿತು, ಮತ್ತೆ ಆಡಿತು.

"ಬೇ... ಜಾರು."

ಸೋದರಮಾವನ ಕೈಯಲ್ಲಿ ರಿಮೋಟು ಹಾಗೇ ಇತ್ತು.

"ರೇಸಾ?" ಎಂದರು ಕೊನೆಗೆ. "ರೇಸು ಬೇಜಾರಾ ಭಾವ? ಅಯ್ಯೋ, ಮೊದಲೇ ಹೇಳಬಾರದಾ!"

ಯಾರಿಗೆ ಏನು ಹೇಳಿದೆನೆಂದು ಅವರಿಗೇ ಹೊಳೆದು ಮುಖ ಸಪ್ಪಗಾಯಿತು. ಎದ್ದು ಹೋಗಿ ಮಾವನ ಹೆಗಲಿಗೆ ಹಣೆಯಿಟ್ಟು ಮಗುವಿನ ಹಾಗೆ ಅತ್ತರು. ಮಾವ ಎಡಗೈಯಲ್ಲಿ ಅವರ ಬೆನ್ನು ತಟ್ಟಿದರು. ಅವರ ಅಳು ನೋಡಿ ನಾವೆಲ್ಲ ನಗುತ್ತಿದ್ದೆವು. ಅತ್ತೆ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಗಂಡನ ಹಿಂದಿಟ್ಟು, "ಸಾಕು, ಕೂತ್ಕೊಳ್ಳಿ ಈಗ" ಎಂದರು. ಬಹುವಚನ ವಾಪಸು ಬಂದಿತ್ತು.

ಹೊಸ ಕೇಬಲ್ಲನ್ನು ಅದೇ ಸಂಜೆ ಹಾಕಿದರು, ಕಾರ್ಪೆಟ್ಟಿನ ಅಡಿಯಿಂದ ಬೇಡ ಎಂದು ಗೋಡೆಯಂಚಿಗೆ ಎಳೆದು. ಮಾವ ಟಾರ್ಚು ಹಿಡಿದಿದ್ದರು. ಒಂದು ಕಡೆ ಅತ್ತೆ ತುದಿಯನ್ನು ತಲೆಕೆಳಗಾಗಿ ಚುಚ್ಚಲು ಹೋದಾಗ ಟಾರ್ಚಿನಿಂದ ಅವರ ಕೈ ಮೇಲೆ ಮೆಲ್ಲಗೆ ಕುಟ್ಟಿದರು. "ಗೊತ್ತಾಯ್ತು, ಗೊತ್ತಾಯ್ತು" ಎಂದು ಅತ್ತೆ ತಿರುಗಿಸಿದರು. ಆಮೇಲೆ ಬೇರೆ ಮಾತುಗಳೂ ಬಂದವು, ಒಂದೊಂದಾಗಿ, ಅಡ್ಡಾದಿಡ್ಡಿಯಾಗಿ. ಮೊದಲಿನ ಹಾಗೆ ಗಲಗಲ ಎನ್ನುವುದು ಇನ್ನು ಆಗಲಿಕ್ಕಿಲ್ಲ ಎಂದರು ಡಾಕ್ಟರು. ಆಗಲಿಲ್ಲ. ಗೇಟಿನ ತನಕ ಕೋಲೂರಿ ನಡೆಯುವುದು, ತರಕಾರಿಯವಳಿಗೆ ಬೇಡ ಎನ್ನುವುದು, ನನಗೆ "ನೀರು" ಎನ್ನುವುದು, ಇಷ್ಟಕ್ಕೆ ನಾವೆಲ್ಲ ಒಗ್ಗಿಕೊಂಡೆವು.

ಆ ಮಳೆಯಾದ ಮರುವಾರದ ಭಾನುವಾರ ಸೋದರಮಾವ ಬಂದವರು ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಭಾವ, ಇವತ್ತು ಏನು ನೋಡೋಣ? ನೀನು ಹೇಳು."

ಮಾವ ಯೋಚಿಸಿದರು. ತುಟಿ ಒದ್ದಾಡಿತು. ನಾವು ಯಾರೂ ಮಾತು ಎತ್ತಿಕೊಡಲಿಲ್ಲ, ಕಾದೆವು.

"ಕೆಂ... ಪು ಕಾರು" ಎಂದರು ಮಾವ.

ಸೋದರಮಾವ ಚಪ್ಪಲಿ ಬಿಟ್ಟು ಒಳಗೆ ಬಂದು ರೇಸೇ ಹಾಕಿದರು. ಚಿತ್ರ ಸ್ಫಟಿಕದ ಹಾಗಿತ್ತು. ಒಂದು ಸುತ್ತು ಮುಗಿಯುವುದರೊಳಗೆ ಮಾವ ಕುರ್ಚಿಯಲ್ಲೇ ನಿದ್ದೆಹೋದರು. ಸೋದರಮಾವ ವಿವರಣೆಯನ್ನು ಪಿಸುಮಾತಿಗೆ ಇಳಿಸಿದರು.